ಹೊಳೆಯುವ ಪ್ಲಾಸ್ಟಿಕ್‌ಗೆ ಮಳೆಗಾಲದ ಪರೀಕ್ಷೆ

ವಿಕಿರಣ ತಾಗಿದರೆ ಬೆಳಕು ಕೊಡುವ ಪ್ಲಾಸ್ಟಿಕ್ ತಯಾರಿಸುವುದು ನನ್ನ ಕೆಲಸ. ಅದಕ್ಕೆ ಪ್ಲಾಸ್ಟಿಕ್ ಸಿಂಟಿಲೇಟರ್ ಅನ್ನುತ್ತಾರೆ. ಶಿವಮೊಗ್ಗದ ಸಣ್ಣ ಲ್ಯಾಬ್ ನಮ್ಮದು. ಇದು ಯಾರಿಗೆ ಬೇಕು ಅಂತ ಊರವರು ಕೇಳುತ್ತಾರೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ವಸ್ತು ಇದ್ದ ಹಳೇ ಯಂತ್ರ ಬಂದಿತ್ತು. ಅದನ್ನು ಬಿಚ್ಚಿದವರು ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ಗುಜರಿ ಲಾರಿ ಗೇಟು ದಾಟುವಾಗಲೇ ಅಂಥದ್ದನ್ನು ಹಿಡಿಯುವ ಕಂಬಗಳಿವೆ. ಅವುಗಳ ಒಳಗೆ ಹೆಚ್ಚಾಗಿ ಇರುವುದು ಈ ಪ್ಲಾಸ್ಟಿಕ್‌ನ ಹಲಗೆಯೇ. ಯಾವ ವಸ್ತು ಅಂತ ಅದು ಸರಿಯಾಗಿ ಹೇಳಲಾರದು, ಆದರೆ ಏನೋ ಇದೆ ಅಂತ ತಕ್ಷಣ ಹೇಳುತ್ತದೆ.

ಮಾಡುವ ರೀತಿ ಹೇಳಲು ಸುಲಭ. ಬಿಸಿ ಮಾಡಿದರೆ ಗಟ್ಟಿ ಪ್ಲಾಸ್ಟಿಕ್ ಆಗುವ ಸ್ಟೈರೀನ್ ಅಥವಾ ವಿನೈಲ್‌ಟಾಲ್ವೀನ್ ದ್ರವವನ್ನು ಅಲ್ಯೂಮಿನಾ ಪುಡಿಯ ಮೂಲಕ ಇಳಿಸಿ, ಗಟ್ಟಿಯಾಗದಂತೆ ತಡೆಯಲು ಸೇರಿಸಿದ್ದ ರಾಸಾಯನಿಕವನ್ನು ತೆಗೆಯಬೇಕು. ಅದರಲ್ಲಿ ಬೆಳಕು ಕೊಡುವ ಎರಡು ರಾಸಾಯನಿಕ ಕರಗಿಸಬೇಕು: ಶೇ. 1–2ರಷ್ಟು ಪಿಪಿಒ, ಅದಕ್ಕಿಂತ ತುಂಬಾ ಕಡಿಮೆ ಪಿಒಪಿಒಪಿ. ಪಿಪಿಒ ಕೊಡುವ ಬೆಳಕು 360 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನದು. ಪಿಒಪಿಒಪಿ ಅದನ್ನು ಹೀರಿ 420ರ ಹತ್ತಿರದ ನೀಲಿ ಬೆಳಕಾಗಿ ಬಿಡುತ್ತದೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್ ಚೆನ್ನಾಗಿ ಗುರುತಿಸುವುದು ಆ ನೀಲಿಯನ್ನೇ. ಆಮೇಲೆ ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಿ, ಮುಚ್ಚಿ, ಓವನ್‌ನಲ್ಲಿ ನಿಧಾನ ಬಿಸಿ ಮಾಡಬೇಕು. ದ್ರವ ಗಟ್ಟಿಯಾಗುವಾಗ ತಾನೇ ಬಿಸಿ ಉಗುಳುತ್ತದೆ. ಅವಸರ ಮಾಡಿದರೆ ಒಳಗೆ ಗುಳ್ಳೆ. ತಣಿಸುವಾಗ ಅವಸರ ಮಾಡಿದರೆ ಬಿರುಕು.

ಹೊರಬಂದ ಹಲಗೆ ನೋಡಲು ಎಷ್ಟು ಚೆಂದ! ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಅಂಚುಗಳು ನೀಲಿಯಾಗಿ ಉರಿಯುತ್ತವೆ. ಹೊಸದಾಗಿ ಸೇರಿದವರು ಆಗಲೇ ಕೇಳುತ್ತಾರೆ: "ಮೇಡಂ, ಕ್ಲಿಯರ್ ಆಗಿದೆಯಲ್ಲ, ಪ್ಯಾಕ್ ಮಾಡ್ಲಾ?"

ಬೇಡ. ನನ್ನ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇರುವುದು ಇಲ್ಲೇ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವುದು ಮಲೆನಾಡಿನ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್‌ಗೆ ಏನೂ ಆಗಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಈ ಪ್ಲಾಸ್ಟಿಕ್ಕೂ ಗಾಳಿಯ ತೇವವನ್ನು ನಿಧಾನವಾಗಿ ಒಳಗೆ ಎಳೆದುಕೊಳ್ಳುತ್ತದೆ. ಬಿಸಿ ಇದ್ದಷ್ಟೂ ಜಾಸ್ತಿ. ಆಗ ನೋಡಿದರೆ ಏನೂ ಕಾಣಿಸದು. ತಟ್ಟನೆ ಚಳಿ ಬಿದ್ದಾಗ ಆ ನೀರಿಗೆ ಒಳಗೆ ಜಾಗ ಸಾಲದೆ ಸಣ್ಣ ಹನಿಗಳಾಗಿ ಕೂರುತ್ತದೆ, ಹಲಗೆ ಮಬ್ಬಾಗುತ್ತದೆ. ಮಬ್ಬಿನಲ್ಲಿ ಬೆಳಕು ಚದುರಿ ಟ್ಯೂಬ್ ತನಕ ತಲುಪುವುದೇ ಇಲ್ಲ. ಮೊದಮೊದಲು ಬೆಚ್ಚಗೆ ಮಾಡಿದರೆ ತಿಳಿಯಾಗುತ್ತದೆ. ಬಿಸಿ-ಚಳಿ ಮತ್ತೆ ಮತ್ತೆ ತಾಗಿದರೆ ಮಬ್ಬು ಶಾಶ್ವತ.

ನಮ್ಮೂರಲ್ಲಿ ಅಂಥ ಚಳಿ ಇಲ್ಲ, ನಿಜ. ಆದರೆ ಇಲ್ಲಿ ಜೂನ್‌ನಿಂದ ತೇವ ಕುಡಿದ ಹಲಗೆ ಡಿಸೆಂಬರ್‌ನಲ್ಲಿ ಉತ್ತರದ ಯಾವುದೋ ಗಡಿಯ ಗೇಟಿನಲ್ಲಿ ನಿಲ್ಲಬಹುದು. ಹಾಗಾಗಿ ಪ್ರತಿ ಹೊಸ ಮಿಶ್ರಣದ ಒಂದು ತುಂಡನ್ನು 55 ಡಿಗ್ರಿಯ ತೇವದ ಪೆಟ್ಟಿಗೆಯಲ್ಲಿ ಇಟ್ಟು, ಆಮೇಲೆ ನೇರ ಫ್ರೀಜರ್‌ಗೆ ಹಾಕುತ್ತೇವೆ. ತೆಗೆದು ಉದ್ದಕ್ಕೆ ಹಿಡಿದು, ಆಚೆ ತುದಿಯಲ್ಲಿಟ್ಟ ಅಚ್ಚಿನ ಕಾಗದ ಓದಲು ಬರುತ್ತದಾ ಅಂತ ನೋಡುವುದು ಮೊದಲ ಕೆಲಸ. ಮೀಟರ್ ಆಮೇಲೆ. ಇದೆಲ್ಲಾ ಗ್ಲೌಸ್ ಹಾಕಿಕೊಂಡೇ, ಯಾಕೆಂದರೆ ಬೆರಳಿನ ಜಿಡ್ಡು ಸಾಕು, ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಬರಲು.

ಈಗ ಹಲಗೆಗೆ ಸುತ್ತುವ ಪದರಗಳನ್ನು ಪರೀಕ್ಷಿಸುತ್ತಿದ್ದೇವೆ. ಅಲ್ಯೂಮಿನಿಯಂ ಇರುವ ಪದರ ತೇವವನ್ನು ಚೆನ್ನಾಗಿ ತಡೆಯುತ್ತದೆ. ಟ್ಯೂಬ್ ಅಂಟಿಸುವ ತುದಿಯನ್ನು ಮಾತ್ರ ಹಾಗೆ ಮುಚ್ಚುವಂತಿಲ್ಲ, ಬೆಳಕು ಹೊರಬರಬೇಕಲ್ಲ. ಆ ತುದಿಗೆ ಒಳ್ಳೆಯ ಸೀಲ್ ಬಳಸಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ.