ನಿಂಬಾಪುರದ ಬೂದಿ ದಿಬ್ಬ: ವಾಲಿಯ ಚಿತೆಯೋ, ದನದ ದೊಡ್ಡಿಯೋ

ಹೊಸಪೇಟೆ ಸೀಮೆಯಲ್ಲಿ ನಾಲ್ಕು ಜನ ಕಟ್ಟೆಯ ಮೇಲೆ ಕೂತರೆ, ಡ್ಯಾಮಿನ ನೀರು ಮತ್ತು ಬಾಳೆಹಣ್ಣಿನ ರೇಟು ಮುಗಿದ ಮೇಲೆ ಮಾತು ರಾಮಾಯಣಕ್ಕೋ ವಿಜಯನಗರಕ್ಕೋ ತಿರುಗಲೇಬೇಕು. ಹಕ್ಕ ಬುಕ್ಕರು ಕನ್ನಡಿಗರೋ ತೆಲುಗರೋ, 1565ರಲ್ಲಿ ಅಳಿಯ ರಾಮರಾಯ ಸೋತದ್ದು ಯಾರ ದ್ರೋಹದಿಂದ, ಹನುಮಂತ ಹುಟ್ಟಿದ್ದು ನಮ್ಮ ಅಂಜನಾದ್ರಿಯಲ್ಲೋ ತಿರುಮಲದಲ್ಲೋ. ಒಗ್ಗರಣಿ ಮಿರ್ಚಿಯ ತಟ್ಟೆ ಖಾಲಿಯಾಗುತ್ತದೆ, ವಾದ ಮುಗಿಯುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಇಂಥ ವಾದಗಳೆಲ್ಲ ಕಾಲಹರಣ ಎಂದು ಸ್ಟಾಫ್ ರೂಮಿನಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದವರು ಓದಿದವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದು ಈ ಕಟ್ಟೆಗಳ ಮೇಲೆ ಮಾತ್ರ. ಆ ಪ್ರಶ್ನೆಗಳು ಎಷ್ಟು ಬೆಲೆಬಾಳುತ್ತವೆ ಎಂಬುದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ವಾದವನ್ನು ಬರೆಯುತ್ತೇನೆ.

ಹಂಪಿಗೆ ಬಂದವರು ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಹೊರಡುತ್ತಾರೆ. ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ನಿಂಬಾಪುರ. ಊರಿನ ಹತ್ತಿರ ಒಂದು ಬೂದಿಯ ದಿಬ್ಬ ಇದೆ. ಸುತ್ತಲೂ ಕೆಂಪು ಬಂಡೆಗಳು, ನಡುವೆ ಇದೊಂದು ಮಾತ್ರ ಬೂದು ಬಣ್ಣದ್ದು. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಒಂದು ಕೆಲಸ ಮಾಡಿಸುತ್ತೇನೆ. ಕೆಳಗೆ ಉದುರಿದ ಹಿಡಿಗಾತ್ರದ ತುಂಡೊಂದನ್ನು ಕೈಯಲ್ಲಿ ತೂಗಿ ನೋಡಿ, ಆಮೇಲೆ ಅದನ್ನು ಅಲ್ಲೇ ಇಡಿ ಎನ್ನುತ್ತೇನೆ. ಕಲ್ಲಿನ ಭಾರ ಇರುವುದಿಲ್ಲ. ಮೈತುಂಬ ಸಣ್ಣ ಸಣ್ಣ ತೂತು. ಒಂದು ಬದಿಯ ಪುಡಿ ಬೆರಳಿಗೆ ಬೆಳ್ಳಗೆ ಅಂಟುತ್ತದೆ. ಇನ್ನೊಂದು ಬದಿ ಬೆಂಕಿಗೆ ಕರಗಿ, ಹರಿದು, ಗಟ್ಟಿಯಾಗಿ, ಇಟ್ಟಿಗೆ ಭಟ್ಟಿಯ ತಳದ ಕಿಟ್ಟದ ಹಾಗೆ ಹೊಳೆಯುತ್ತದೆ. ಇದು ಮಣ್ಣಲ್ಲ, ಬಂಡೆಯೂ ಅಲ್ಲ, ಇಲ್ಲಿ ಏನೋ ಬಹಳ ಜೋರಾಗಿ ಸುಟ್ಟಿದೆ ಎಂದು ಎಂಟನೇ ಕ್ಲಾಸಿನ ಹುಡುಗಿಗೂ ಹೇಳಿಕೊಡಬೇಕಾಗಿಲ್ಲ.

ಏನು ಸುಟ್ಟಿದೆ ಎಂಬಲ್ಲಿ ಜಗಳ ಶುರು. ನಮ್ಮ ಕಡೆ ಹಿರಿಯರೆಲ್ಲ ಹೇಳುವುದು, ಇದು ವಾಲಿಯ ಚಿತೆ. ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಗ್ರೀವ, ಅಂಗದ ಸೇರಿ ದಹನ ಮಾಡಿದ ಜಾಗ.

ಕಳೆದ ದೀಪಾವಳಿಗೆ ನಮ್ಮ ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಜಾಣ. ನಮ್ಮ ದೊಡ್ಡಪ್ಪ ಕಮಲಾಪುರದ ಕಡೆ ಬಾಳೆ, ಕಬ್ಬು ಬೆಳೆದವರು, ವಯಸ್ಸಾದರೂ ಎರಡು ಎಮ್ಮೆ ಕಟ್ಟಿಕೊಂಡಿದ್ದಾರೆ. ಊಟ ಆದ ಮೇಲೆ ಪಡಸಾಲೆಯಲ್ಲಿ ಮಾತು ನಿಂಬಾಪುರಕ್ಕೆ ಬಂತು.

"ವಾಲಿನ ಸುಟ್ಟಿದ್ದು ಹೊಳಿ ದಂಡ್ಯಾಗ ಅಂತ ರಾಮಾಯಣದಾಗ ಐತಿ. ಹೊಳಿ ಇಲ್ಲೇ ಐತಿ, ಬೂದಿ ಇಲ್ಲೇ ಐತಿ. ಇನ್ನೇನ್ ಸಾಕ್ಷಿ ಬೇಕಪ್ಪ ನಿನಗ?" ಎಂದರು ದೊಡ್ಡಪ್ಪ.

"ತಾತ, ಅದು ಸಗಣಿ ಬೂದಿ. ಸೈಂಟಿಸ್ಟ್‌ಗಳು ಟೆಸ್ಟ್ ಮಾಡ್ಯಾರ. ವಾಲಿ ಗೀಲಿ ಎಲ್ಲಾ ಮೂಢನಂಬಿಕೆ," ಎಂದ ಇವನು, ಮೊಬೈಲ್ ತೆಗೆಯುತ್ತಾ.

ನನಗೆ ಆ 'ವಾಲಿ ಗೀಲಿ' ಹಿಡಿಸಲಿಲ್ಲ. ಆದರೆ ದೊಡ್ಡಪ್ಪ ಸಿಟ್ಟಾಗಲಿಲ್ಲ. "ಮೊಬೈಲ್ ಬದಿಗಿಡು ತಮ್ಮಾ. ನಾ ಬುದ್ಧಿ ಬಂದಾಗಿಂದ ದನ ಕಟ್ಟೀನಿ. ಸಗಣಿ ಯಾವನಾರ ಸುಮ್ಮಸುಮ್ನ ಸುಡ್ತಾನೇನು? ತಿಪ್ಪಿಗೆ ಹಾಕ್ತೀವಿ, ಕುಳ್ಳು ತಟ್ತೀವಿ, ಅಂಗಳ ಸಾರಸ್ತೀವಿ. ಗುಡ್ಡದಷ್ಟು ಸಗಣಿಗೆ ಬೆಂಕಿ ಇಡಾಕ ಆ ಮಂದಿಗೆ ಏನಾಗಿತ್ತು? ಅದನ್ನ ಹೇಳು ಮೊದ್ಲು."

ಹುಡುಗ ಮೊಬೈಲಿನಲ್ಲಿ ಹುಡುಕಿದ, ಉತ್ತರ ಸಿಗಲಿಲ್ಲ. ನನ್ನ ಕಡೆ ತಿರುಗಿ, "ಚಿಕ್ಕಮ್ಮ, ನೀವೇ ಹೇಳ್ರಿ" ಎಂದ.

ದೊಡ್ಡಪ್ಪ ಕೇಳಿದ್ದು ಪುರಾತತ್ತ್ವದವರನ್ನು ನೂರು ವರ್ಷಕ್ಕೂ ಮೇಲೆ ಕಾಡಿದ ಪ್ರಶ್ನೆ. ನಿಂಬಾಪುರದ್ದು ಒಂಟಿ ದಿಬ್ಬವಲ್ಲ. ಬಳ್ಳಾರಿ ರಸ್ತೆಯ ಕುಡತಿನಿಯಲ್ಲಿ ಇದಕ್ಕಿಂತ ದೊಡ್ಡದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ಆಚೆ ಆಂಧ್ರ, ತೆಲಂಗಾಣ ಸೇರಿ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ಸಿಕ್ಕಿವೆ. 19ನೇ ಶತಮಾನದಲ್ಲಿ ಇವನ್ನು ನೋಡಿದ ಬ್ರಿಟಿಷ್ ಅಧಿಕಾರಿಗಳಿಗೂ ತಲೆಬುಡ ತಿಳಿಯಲಿಲ್ಲ. ಜ್ವಾಲಾಮುಖಿ ಎಂದವರಿದ್ದಾರೆ, ಕಬ್ಬಿಣ ಕರಗಿಸಿದ ಕಿಟ್ಟ ಎಂದವರಿದ್ದಾರೆ, ಸಾಮೂಹಿಕ ಸಹಗಮನದ ಬೂದಿ ಎಂದವರೂ ಇದ್ದಾರೆ. ಕೋಟು ಹ್ಯಾಟು ಹಾಕಿಕೊಂಡವರು ಸಹಗಮನದ ಕಥೆ ಕಟ್ಟಿದರೆ ಅದು ಸಂಶೋಧನೆ, ನಮ್ಮ ಹಿರಿಯರು ವಾಲಿಯ ಚಿತೆ ಎಂದರೆ ಮೂಢನಂಬಿಕೆ, ಇದು ಯಾವ ನ್ಯಾಯ? ಇಬ್ಬರೂ ಮಾಡಿದ್ದು ಒಂದೇ ಕೆಲಸ. ಕಣ್ಣೆದುರಿನ ದೊಡ್ಡ ಬೂದಿಗೆ ತಮಗೆ ಗೊತ್ತಿದ್ದ ದೊಡ್ಡ ಬೆಂಕಿಯೊಂದನ್ನು ಹುಡುಕಿದರು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಲ್ಲಿನ ಕೊಡಲಿಗಳನ್ನು ಹುಡುಕುತ್ತಾ ಈ ಸೀಮೆಯನ್ನೆಲ್ಲ ತಿರುಗಿದವನು. ಇವು ಹೊಸ ಶಿಲಾಯುಗದ ದನಗಾಹಿಗಳ ಸಗಣಿಯ ಬೂದಿ ಎಂಬ ದಾರಿ ಹಿಡಿದವನು ಅವನೇ. ಅದು ಗಟ್ಟಿಯಾದದ್ದು 1957ರಲ್ಲಿ, ಬ್ರಿಟಿಷ್ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ದಿಬ್ಬವೊಂದನ್ನು ಪದರ ಪದರವಾಗಿ ಅಗೆದಾಗ. ಸುತ್ತ ಗೂಟ ನೆಟ್ಟು ಬೇಲಿ ಕಟ್ಟಿದ್ದ ಕುಳಿಗಳು ಸಿಕ್ಕವು. ಬೇಲಿಯ ಒಳಗಿನ ಬೂದಿಯಲ್ಲಿ ದನದ ಗೊರಸಿನ ಗುರುತು ಮೂಡಿದ್ದವು. ನನಗೆ ಈ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನಿಸುವುದು ಆ ಗೊರಸಿನ ಗುರುತು. ನಾಲ್ಕೈದು ಸಾವಿರ ವರ್ಷದ ಹಿಂದೆ ಒಂದು ಸಂಜೆ ಮೇದು ಬಂದ ಹಸು ದೊಡ್ಡಿಯೊಳಗೆ ಕಾಲಿಟ್ಟಿದ್ದು ಹಾಗೇ ಉಳಿದಿದೆ. ಹೊಳೆಯುವ ಕಿಟ್ಟಕ್ಕೂ ಉತ್ತರ ಸಿಕ್ಕಿತು. ದನ ತಿಂದ ಹುಲ್ಲಿನಲ್ಲಿರುವ ಸಿಲಿಕಾ ಸಗಣಿಯಲ್ಲೂ ಇರುತ್ತದೆ, ಬೆಂಕಿ ಜೋರಾದಾಗ ಅದೇ ಕರಗಿ ಗಾಜಾಗುತ್ತದೆ. ಮುಂದೆ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರದ ಕಡೆಯ ಬೂದಿಹಾಳದಲ್ಲಿ ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಜನ ಸಂಸಾರ ಮಾಡಿದ ಜಾಗ, ದನ ಕಡಿದು ಹಂಚಿಕೊಂಡ ಜಾಗ ಎಲ್ಲ ಕಂಡವು. ಈ ದಿಬ್ಬಗಳೆಲ್ಲದರ ಒಟ್ಟು ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ.

ಇಷ್ಟನ್ನು ಹೇಳಿದೆ. ದೊಡ್ಡಪ್ಪ ಕೇಳಿಸಿಕೊಂಡರು. "ದನದ ದೊಡ್ಡಿ ಅಂಬೋದು ಒಪ್ಪಿದೆ ಅನ್ನವ್ವ. ಆದ್ರ ಯಾಕ ಸುಟ್ರು? ಅದನ್ನ ನೀನೂ ಹೇಳಲಿಲ್ಲ."

ಹೇಳಿದೆ. ಪದರಗಳನ್ನು ನೋಡಿದರೆ ಬೆಂಕಿ ಆಕಸ್ಮಿಕವಾಗಿ ಬಿದ್ದದ್ದಲ್ಲ, ಸಗಣಿ ಕೂಡುವುದು, ಸುಡುವುದು, ಮತ್ತೆ ಕೂಡುವುದು, ಮತ್ತೆ ಸುಡುವುದು ಎಂದು ತಿಳಿಯುತ್ತದೆ. ಉಣ್ಣಿ, ನೊಣದ ಕಾಟ ತಪ್ಪಿಸಲು ಎನ್ನುವವರಿದ್ದಾರೆ. ಆಲ್ಚಿನ್ ಮಾತ್ರ ಬೇರೆ ದಾರಿ ಹಿಡಿದ. ವರ್ಷದ ಗೊತ್ತಾದ ಕಾಲದಲ್ಲಿ ಹಬ್ಬದ ಹಾಗೆ ಬೆಂಕಿ ಹಾಕುತ್ತಿದ್ದಿರಬೇಕು, ಈಗಲೂ ದಕ್ಷಿಣದ ಹಳ್ಳಿಗಳಲ್ಲಿ ದನಗಳ ಹಬ್ಬಕ್ಕೂ ಬೆಂಕಿಗೂ ಇರುವ ನಂಟು ಅಲ್ಲಿಂದ ಬಂದಿರಬಹುದು ಎಂದ.

ಅಷ್ಟು ಹೊತ್ತು ಒಳಗಿದ್ದ ದೊಡ್ಡಮ್ಮ ಬಾಗಿಲಿಗೆ ಬಂದು ನಿಂತಿದ್ದರು. "ಮೈಸೂರು ಕಡೆ ಸಂಕ್ರಾಂತಿಗೆ ದನಕ್ಕ ಕಿಚ್ಚು ಹಾಯಸ್ತಾರ, ಟಿವ್ಯಾಗ ನೋಡೀನಿ. ನಾವು ಬೆಂಕಿ ಹಾಕಂಗಿಲ್ಲ, ಆದ್ರ ನಾಳಿ ಮುಂಜಾನಿ ಬಾಗಲದಾಗ ಪಾಂಡವ್ರನ್ನ ಯಾತರಿಂದ ಮಾಡ್ತೀನಿ? ಸಗಣಿ ಅಂದ್ರ ಬರೇ ಗೊಬ್ಬರ ಅಂತ ಯಾರು ಹೇಳಿದ್ರು?" ಎಂದರು ದೊಡ್ಡಪ್ಪನ ಕಡೆ ನೋಡುತ್ತಾ.

ಮರುದಿನ ಬಲಿಪಾಡ್ಯಮಿ. ನಮ್ಮ ಕಡೆ ಹೊಸ್ತಿಲ ಎರಡೂ ಬದಿ, ಹಟ್ಟಿಯಲ್ಲಿ, ಸಗಣಿಯ ಪಾಂಡವರನ್ನು ಇಟ್ಟು, ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ನಿಂಬಾಪುರದ ದಿಬ್ಬದ ಪಕ್ಕದಲ್ಲಿಟ್ಟು ಅದನ್ನು ನೋಡಿದ್ದು ದೊಡ್ಡಮ್ಮನ ಮಾತು ಕೇಳಿದ ಮೇಲೆ. ಹೊಸ ಶಿಲಾಯುಗದ ದೊಡ್ಡಿಯಿಂದ ನಮ್ಮ ಹೊಸ್ತಿಲಿಗೆ ನೇರ ಗೆರೆ ಎಳೆಯುವಷ್ಟು ಪುರಾವೆ ನನ್ನ ಹತ್ತಿರ ಇಲ್ಲ, ಎಳೆಯುವುದೂ ಇಲ್ಲ. ಆದರೆ ಸಗಣಿಯನ್ನು ದೇವರು ಮಾಡುವ ಮನೆಯಲ್ಲಿ ಕೂತು, ಸಗಣಿಗೆ ಹಬ್ಬದ ಬೆಂಕಿ ಇಟ್ಟವರಿಗೆ ತಲೆ ಕೆಟ್ಟಿತ್ತು ಎನ್ನಲು ಇನ್ನು ಯಾರಿಗೂ ಬಾಯಿ ಬರಲಿಲ್ಲ.

ಅಕ್ಕನ ಮಗ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. "ಹಂಗಾದ್ರ ವಾಲಿ ಸುಳ್ಳು ಅಂತ ಆತಲ್ಲ ತಾತ" ಎಂದ. ಇಲ್ಲಿ ನಾನು ತಡೆದೆ. ಇಂಥ ವಾದಗಳು ಕೆಡುವುದು ಈ ಜಾಗದಲ್ಲೇ. ದಿಬ್ಬದಲ್ಲಿ ಸುಟ್ಟದ್ದು ಏನು ಎಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ, ಅಗೆದು, ಪರೀಕ್ಷೆ ಮಾಡಿ ಹೇಳಬೇಕು. ಅದರಲ್ಲಿ ಭಕ್ತಿಗೆ ಕೆಲಸವಿಲ್ಲ, ಇದನ್ನು ದೊಡ್ಡಪ್ಪನಿಗೆ ನೇರವಾಗಿಯೇ ಹೇಳಿದ್ದೇನೆ. ಆದರೆ ಈ ಊರಿನವರು ಇದನ್ನು ವಾಲಿಯ ಚಿತೆ ಎಂದು ಯಾಕೆ ಕರೆದರು ಎಂಬುದೂ ಇತಿಹಾಸದ ಪ್ರಶ್ನೆಯೇ. ಅದಕ್ಕೆ ಉತ್ತರ ಬೂದಿಯಲ್ಲಿಲ್ಲ, ಸುತ್ತಲಿನ ಬೆಟ್ಟಗಳಲ್ಲಿದೆ. ಮತಂಗ ಪರ್ವತ, ಋಷ್ಯಮೂಕ, ಮಾಲ್ಯವಂತ, ಪಂಪಾ ಸರೋವರ, ಆನೆಗುಂದಿ ಕಡೆಯ ಅಂಜನಾದ್ರಿ. ಕಿಷ್ಕಿಂಧಾ ಕಾಂಡವೇ ಇಲ್ಲಿ ನೆಲದ ಮೇಲೆ ಹರಡಿಕೊಂಡಿದೆ. ವಿಜಯನಗರದ ಅರಸರು ಇದನ್ನು ಬರೀ ಕಥೆ ಎಂದು ಬಿಟ್ಟಿರಲಿಲ್ಲ. ಹಜಾರರಾಮ ದೇವಸ್ಥಾನವನ್ನು ಅರಮನೆಗಳ ನಡುವೆ ಕಟ್ಟಿ, ಗೋಡೆಯ ಮೇಲೆ ರಾಮಾಯಣವನ್ನು ಸಾಲು ಸಾಲಾಗಿ ಕೆತ್ತಿಸಿದರು. ಪುರಾತತ್ತ್ವಜ್ಞ ಜಾನ್ ಫ್ರಿಟ್ಜ್, ವಾಸ್ತುಶಿಲ್ಪದ ಇತಿಹಾಸಕಾರ ಜಾರ್ಜ್ ಮಿಶೆಲ್ ಇಬ್ಬರೂ ವರ್ಷಗಟ್ಟಲೆ ಹಂಪಿಯಲ್ಲಿ ಕೂತು ನಕ್ಷೆ ಮಾಡಿದಾಗ, ಆ ದೇವಸ್ಥಾನದಿಂದ ನೇರ ಉತ್ತರಕ್ಕೆ ಮತಂಗ ಪರ್ವತ ಬರುವಂತೆ ಜಾಗ ಹಿಡಿದಿರುವುದನ್ನು ತೋರಿಸಿದರು. ಒಂದು ಕಥೆಯನ್ನು ನಂಬಿ ರಾಜಧಾನಿಯ ನಡುಮಧ್ಯದ ಗುಡಿಯ ಜಾಗ ಆರಿಸಿದ್ದಾರೆ. ಅದನ್ನು 'ಸುಳ್ಳು' ಎಂಬ ಒಂದು ಮಾತಿನಲ್ಲಿ ಬದಿಗೆ ತಳ್ಳಿದರೆ ಹಂಪಿಯನ್ನು ಅರ್ಥ ಮಾಡಿಕೊಳ್ಳುವುದಾದರೂ ಹೇಗೆ?

ಕಥೆಯಲ್ಲಿ ಇನ್ನೊಂದು ಗುಣ ಇದೆ. ಅಗೆಯುವವರು ಬರುವುದಕ್ಕೆ ಎಷ್ಟೋ ಮೊದಲೇ 'ಇದು ಬೂದಿ, ಇಲ್ಲಿ ಸುಟ್ಟಿದ್ದಾರೆ' ಎಂಬುದನ್ನು ನಮ್ಮ ಜನ ಸರಿಯಾಗಿ ಗುರುತಿಸಿದ್ದರು. ಕುಡತಿನಿ ದಿಬ್ಬಕ್ಕೂ ಭೀಮ ಕೊಂದ ಹಿಡಿಂಬಾಸುರನ ಚಿತೆ ಎಂಬ ಕಥೆ ಇದೆ. ಎರಡು ಊರು, ಎರಡು ಕಾವ್ಯ, ಎರಡು ಕಡೆಯೂ ದಹನವೇ. ಎಷ್ಟೋ ದಿಬ್ಬಗಳನ್ನು ಹೊಲಕ್ಕೆ ಗೊಬ್ಬರವೆಂದು ಗಾಡಿಗಟ್ಟಲೆ ಅಗೆದು ಸಾಗಿಸಿದ್ದಾರೆ. ಹೆಸರು, ಕಥೆ ಇರುವ ದಿಬ್ಬಕ್ಕೆ ಸಲಿಕೆ ಹಾಕಲು ಸ್ವಲ್ಪವಾದರೂ ಕೈ ಹಿಂಜರಿಯುತ್ತದೆ ಎಂದು ನನ್ನ ನಂಬಿಕೆ.

ಹನುಮಂತನ ಜನ್ಮಸ್ಥಳದ ವಾದ ಏನಾಯಿತೆಂದು ನೋಡಿ. 2021ರ ರಾಮನವಮಿಗೆ ತಿರುಮಲದವರು ತಮ್ಮ ಬೆಟ್ಟದ ಅಂಜನಾದ್ರಿಯೇ ಜನ್ಮಸ್ಥಳ ಎಂದು ಘೋಷಿಸಿದರು. ನಮ್ಮ ಕಿಷ್ಕಿಂಧೆಯ ಕಡೆಯವರು ವಾದಕ್ಕೆ ಹೋದರು. ಗೋಕರ್ಣದ ಹೆಸರೂ ಬಂತು. 2022ರಲ್ಲಿ ನಾಸಿಕದ ಅಂಜನೇರಿಯ ವಿಷಯಕ್ಕೆ ಸೇರಿದ ಸಭೆ ಗಲಾಟೆಯಲ್ಲಿ ಮುಗಿಯಿತು. ಆ ದಿನಗಳಲ್ಲಿ ನಮ್ಮ ಕಟ್ಟೆಗಳ ಮೇಲೂ ದನಿ ಏರಿತ್ತು. ನನಗೆ ನೋವಾದದ್ದು ಯಾರು ಗೆದ್ದರು ಸೋತರು ಎಂಬುದಕ್ಕಲ್ಲ. ಅಂಜನಾದ್ರಿಯ 575 ಮೆಟ್ಟಿಲನ್ನು ಹತ್ತುವ ಮುದುಕಿಗೂ, ತಿರುಮಲದ ಬೆಟ್ಟ ಹತ್ತುವವಳಿಗೂ, ಅಂಜನೇರಿ ಹತ್ತುವವಳಿಗೂ ಆ ತಾಯಿ ಮಗುವಿನ ಕಥೆ ತಮ್ಮದೇ ಊರಿನದು. ಅದನ್ನು ಸೈಟಿನ ತಕರಾರಿನ ಹಾಗೆ ಒಬ್ಬರ ಹೆಸರಿಗೆ ಬರೆಸಿಕೊಳ್ಳಲು ಹೊರಟದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ನನ್ನ ಕ್ಲಾಸಿನಲ್ಲಿ ಇಂಥ ವಾದಕ್ಕೆ ಒಂದೇ ನಿಯಮ. ಏನು ಬೇಕಾದರೂ ಹೇಳು, ಜತೆಗೆ ಅದು ನಿನಗೆ ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳು. 'ನಮ್ಮಜ್ಜಿ ಹೇಳಿದಳು' ಎಂಬುದೂ ಉತ್ತರವೇ, ಅದಕ್ಕೆ ನಾನು ನಗಲು ಬಿಡುವುದಿಲ್ಲ. ಆಮೇಲೆ ಬರುವ ಪ್ರಶ್ನೆ, ನಿಮ್ಮಜ್ಜಿಗೆ ಯಾರು ಹೇಳಿದರು? ಮಕ್ಕಳು ಮನೆಗೆ ಹೋಗಿ ಕೇಳಿಕೊಂಡು ಬರುತ್ತಾರೆ. ತಾಂಡಾದಿಂದ ಬರುವ ಹುಡುಗಿಯೊಬ್ಬಳು ತಂದ ದನಗಳ ಪೂಜೆಯ ವಿವರ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಹಬ್ಬ ಮುಗಿದು ಹೊರಡುವ ಮುಂಚೆ ಅಕ್ಕನ ಮಗ ದೊಡ್ಡಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಕುಡತಿನಿಗೆ ಹೋಗಿ ಬಂದ. ಬಂದವರೇ ದೊಡ್ಡಪ್ಪ ಹೊಸ ತಕರಾರು ತೆಗೆದರು. "ನಿಂಬಾಪುರಕ್ಕ ಹೊಳಿ ಐತಿ, ಒಪ್ಪಿದೆ. ಕುಡತಿನ್ಯಾಗ ಹೊಳಿ ಎಲ್ಲೈತಿ? ಅಷ್ಟು ದನಕ್ಕ ಬ್ಯಾಸಗ್ಯಾಗ ನೀರು ಎಲ್ಲಿಂದ ಕುಡಿಸಿದ್ರು?" ಹಳ್ಳ ಇತ್ತೋ, ಬೇಸಿಗೆಯಲ್ಲಿ ದನ ಹೊಡೆದುಕೊಂಡು ಬೇರೆ ಕಡೆ ಹೋಗುತ್ತಿದ್ದರೋ ಎಂದು ಇಬ್ಬರೂ ರಾತ್ರಿ ಊಟದವರೆಗೆ ವಾದ ಮಾಡಿದರು. ಹುಡುಗ ಬೆಂಗಳೂರಿಗೆ ಹೋದ ಮೇಲೆ ಆ ಸೀಮೆಯ ಹಳೇ ಹಳ್ಳಗಳ ನಕ್ಷೆ ಹುಡುಕುತ್ತಿದ್ದಾನಂತೆ. ದೊಡ್ಡಪ್ಪ ವಾರಕ್ಕೊಮ್ಮೆ ಫೋನ್ ಮಾಡಿಸಿ, ಸಿಕ್ಕಿತೇನು ಎಂದು ಕೇಳುತ್ತಿದ್ದಾರೆ.