ಹದಿಹರೆಯದ ಓದುಗರಿಗೊಂದು ಮುಖಪುಟ

ನನ್ನ ಹೊಸ ಕಾದಂಬರಿ ‘ನೀರುಗಂಟಿಯ ಮೊಮ್ಮಗಳು’ ನವೆಂಬರ್‌ನಲ್ಲಿ ಪ್ರಕಟವಾಗಲಿದ್ದು, ಅದರ ಮುಖಪುಟವನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ. ಕೋಲಾರದ ಸೀಮೆಯಲ್ಲಿ ಕೆರೆಯ ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ಅಜ್ಜನ ಕಸುಬನ್ನು, ಮೊದಲ ಪಿಯುಸಿ ಓದುತ್ತಿರುವ ಮೊಮ್ಮಗಳು ತಾನು ವಹಿಸಿಕೊಳ್ಳಲು ಹೊರಡುವ ಕಥೆ ಇದು. ಹೈಸ್ಕೂಲು ಮತ್ತು ಪಿಯುಸಿಯ ವಿದ್ಯಾರ್ಥಿಗಳಿಗಾಗಿಯೇ ಬರೆದದ್ದರಿಂದ, ಅವರ ಕೈಗೆ ಪುಸ್ತಕವನ್ನು ತಲುಪಿಸುವ ಹೊಣೆಯಲ್ಲಿ ಮುಖಪುಟದ ಪಾಲೆಷ್ಟು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಈ ವಯಸ್ಸಿನವರಿಗೆ ಬರೆಯುವ ಇತರರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮ ಪುಸ್ತಕದಂಗಡಿಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಒಂದು ಕಪಾಟು, ಕಾದಂಬರಿಗಳಿಗೆ ಇನ್ನೊಂದು ಕಪಾಟು ಇರುತ್ತದೆಯೇ ಹೊರತು, ಇವೆರಡರ ನಡುವಿನ ವಯಸ್ಸಿನವರಿಗೆಂದು ಮೀಸಲಾದ ಜಾಗ ಕಾಣುವುದು ಅಪರೂಪ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನೂ 2011ರಿಂದ ಯುವ ಪುರಸ್ಕಾರವನ್ನೂ ನೀಡುತ್ತಿದೆಯಾದರೂ, ಎರಡನೆಯದು ಗಣನೆಗೆ ತೆಗೆದುಕೊಳ್ಳುವುದು ಬರೆದವರ ವಯಸ್ಸನ್ನೇ ಹೊರತು ಓದುವವರ ವಯಸ್ಸನ್ನಲ್ಲ. ಹೀಗಿರುವಾಗ, ‘ಇದು ನಿನ್ನ ಪುಸ್ತಕ’ ಎಂದು ಹದಿನಾರರ ಹುಡುಗಿಗೆ ಹೇಳುವ ಕೆಲಸವನ್ನು ಅಂಗಡಿಯಾಗಲಿ ಕಪಾಟಾಗಲಿ ಮಾಡುವುದಿಲ್ಲ, ಮುಖಪುಟವೊಂದೇ ಮಾಡಬೇಕು.

ಕಲಾವಿದೆ ಕಳುಹಿಸಿದ ಮೊದಲ ಪೆನ್ಸಿಲ್ ಕರಡು ಬಹಳ ಚೆಂದವಿತ್ತು. ಕೆರೆಯ ಏರಿಯ ಮೇಲೆ ಹುಡುಗಿ ನಿಂತಿದ್ದಳು, ಹಿಂದೆ ನೀರು, ಅದರಾಚೆ ಬಂಡೆಗಳ ಗುಡ್ಡ. ಪ್ರಕಾಶಕರಿಗೂ ನನಗೂ ಒಪ್ಪಿಗೆಯಾಗಿದ್ದ ಆ ಕರಡನ್ನು, ಪರಿಚಯದ ಶಿಕ್ಷಕಿಯೊಬ್ಬರ ಮೂಲಕ ಒಂಬತ್ತನೆಯ ತರಗತಿಯ ಕೆಲವು ವಿದ್ಯಾರ್ಥಿಗಳಿಗೆ ತೋರಿಸಿದೆವು. ಒಬ್ಬ ಹುಡುಗ ಒಂದು ಕ್ಷಣ ನೋಡಿ, “ಇದು ನಮ್ಮ ತಂಗಿ ಓದೋ ಪುಸ್ತಕ, ಮೇಡಂ” ಎಂದು ಹಿಂದಿರುಗಿಸಿಬಿಟ್ಟ. ಕಥೆಯ ಒಂದು ಸಾಲನ್ನೂ ಓದದೆ ಆತ ನೀಡಿದ ಆ ತೀರ್ಪು ಸರಿಯಾಗಿಯೇ ಇತ್ತು.

ಕಾರಣವನ್ನು ಕಲಾವಿದೆ ಅಳತೆಪಟ್ಟಿ ಇಟ್ಟು ತೋರಿಸಿದರು. ಚಿತ್ರಕಲೆಯಲ್ಲಿ ಮನುಷ್ಯನ ಎತ್ತರವನ್ನು ತಲೆಯ ಉದ್ದದಿಂದ ಅಳೆಯುವ ರೂಢಿಯಿದೆ. ಬೆಳೆದವರ ಎತ್ತರ ಸುಮಾರು ಏಳೂವರೆ ತಲೆಗಳಷ್ಟಿದ್ದರೆ, ಸಣ್ಣ ಮಕ್ಕಳಲ್ಲಿ ತಲೆ ದೊಡ್ಡದಾಗಿ ಕಾಣುವುದರಿಂದ ಅದು ಆರು ತಲೆಗಳಿಗೋ ಇನ್ನೂ ಕಡಿಮೆಗೋ ಇಳಿಯುತ್ತದೆ. ಕರಡಿನ ಹುಡುಗಿ ಆರು ತಲೆಗಳಷ್ಟೇ ಎತ್ತರವಿದ್ದಳು. ಕಣ್ಣುಗಳೂ ಮುಖಕ್ಕೆ ಹೋಲಿಸಿದರೆ ದೊಡ್ಡವಾಗಿದ್ದವು. ಎರಡನೆಯ ಕರಡಿನಲ್ಲಿ ಅವರು ಆಕೆಯನ್ನು ಏಳು ತಲೆಗಳಿಗೆ ಏರಿಸಿ, ನಗುವನ್ನು ತೆಗೆದು, ನಮ್ಮ ಕಡೆ ನೋಡುತ್ತಿದ್ದ ಮುಖವನ್ನು ತೂಬಿನ ಕಡೆಗೆ ತಿರುಗಿಸಿದರು. ಅಷ್ಟರಿಂದಲೇ ಆಕೆಗೆ ಹದಿನಾರು ತುಂಬಿತು. ಮುಖಪುಟದಲ್ಲಿ ವಯಸ್ಸನ್ನು ನಿರ್ಧರಿಸುವುದು ಬಣ್ಣವೋ ಅಕ್ಷರವೋ ಎಂದು ಭಾವಿಸಿದ್ದ ನನಗೆ ಇದು ನಿಜಕ್ಕೂ ಹೊಸ ತಿಳಿವಳಿಕೆ.

ತೂಬಿನ ವಿಷಯದಲ್ಲಿ ಮಾತ್ರ ನಾನು ಪಟ್ಟುಹಿಡಿದೆ. ಚಕ್ರ ತಿರುಗಿಸಿ ಎತ್ತುವ ಕಬ್ಬಿಣದ ಗೇಟು ಈ ಕಥೆಗೆ ಹೊಂದುವುದಿಲ್ಲ. ಹಳೆಯ ಕೆರೆಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಅಡ್ಡಚಪ್ಪಡಿಗಳಿದ್ದು, ಅವುಗಳ ತೂತಿನ ಮೂಲಕ ಇಳಿದ ಕೋಲನ್ನು ಮೇಲಕ್ಕೆತ್ತಿದಾಗ ಕೆಳಗಿನ ಕಂಡಿ ತೆರೆಯುತ್ತದೆ. ಅಂಥ ತೂಬಿನ ಛಾಯಾಚಿತ್ರಗಳನ್ನು ನಾಲ್ಕೂ ಮಗ್ಗುಲಿನಿಂದ ತೆಗೆದು ಕಳುಹಿಸಿದೆ. ಆ ಭಾಗದ ಮಕ್ಕಳು ದಿನವೂ ನೋಡುವ ವಸ್ತುವನ್ನು ತಪ್ಪಾಗಿ ಬರೆದರೆ, ಒಳಗಿನ ಕಥೆಯನ್ನು ಅವರೇಕೆ ನಂಬಬೇಕು?

ನೀರಿನ ಬಣ್ಣದ ಬಗ್ಗೆಯೂ ಇದೇ ಎಚ್ಚರ ಬೇಕಾಯಿತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ಮೂಲಕ 2018ರಲ್ಲಿ ಕೋಲಾರದ ಕೆರೆಗಳನ್ನು ಸೇರತೊಡಗಿದ ಮೇಲಿನ ಕಾಲದಲ್ಲಿ ಕಥೆ ನಡೆಯುತ್ತದೆ. ಆ ನೀರಿನ ಕುರಿತ ಭರವಸೆ, ಅನುಮಾನಗಳೆರಡೂ ಕಾದಂಬರಿಯೊಳಗಿವೆ. ಆದ್ದರಿಂದ ತಿಳಿನೀಲಿಯ ಬದಲು ಹಸಿರು ಬೆರೆತ ಮಬ್ಬು ಬಣ್ಣವನ್ನು ಆರಿಸಿದೆವು. ಪರದೆಯ ಮೇಲೆ ಹೊಳೆಯುವ ನೀಲಿ, ನಾಲ್ಕು ಬಣ್ಣಗಳ ಮುದ್ರಣದಲ್ಲಿ ಹೇಗೂ ಮಂಕಾಗುತ್ತದೆ. ಹಂಚಿಕೊಳ್ಳುವ ಚಿತ್ರಕ್ಕೂ ಕೈಗೆ ಬರುವ ಪುಸ್ತಕಕ್ಕೂ ಅಂತರ ಕಡಿಮೆಯಿರಬೇಕಾದರೆ, ಅಚ್ಚಿನ ಪ್ರೂಫ್ ನೋಡಿದ ನಂತರವೇ ಮುಖಪುಟವನ್ನು ಬಹಿರಂಗಪಡಿಸುವುದು ಒಳಿತು.

ಶೀರ್ಷಿಕೆಯನ್ನು ಎರಡು ಸಾಲಿನಲ್ಲಿ ಕೈಬರಹದಲ್ಲಿಯೇ ರೂಪಿಸಲಾಗಿದೆ. ‘ಮೊಮ್ಮಗಳು’ ಎಂಬಲ್ಲಿನ ಒತ್ತಕ್ಷರ ಕೆಳಗಿಳಿದು ಗುಡ್ಡದ ಗೆರೆಗೆ ತಾಗುತ್ತಿದ್ದುದರಿಂದ ಅಕ್ಷರಗಳನ್ನು ಕುಗ್ಗಿಸುವ ಬದಲು ಗುಡ್ಡವನ್ನೇ ತಗ್ಗಿಸಿದರು. ಮೊಬೈಲಿನಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿದಾಗಲೂ ಹೆಸರು ಓದಲು ಬರುವುದು ಆ ನಿರ್ಧಾರದಿಂದ.

ಇಂದು ತೋರಿಸುತ್ತಿರುವುದು ಮುಂಬದಿ ಮಾತ್ರ. ಪುಸ್ತಕದ ಬೆನ್ನುಪಟ್ಟಿಯಾದ ಸ್ಪೈನಿನ ಅಗಲ ಪುಟಗಳ ಸಂಖ್ಯೆಯನ್ನೂ ಕಾಗದದ ದಪ್ಪವನ್ನೂ ಅವಲಂಬಿಸಿರುವುದರಿಂದ, ಕೊನೆಯ ಕರಡು ತಿದ್ದುಪಡಿ ಮುಗಿದು ಪುಟಸಂಖ್ಯೆ ಖಚಿತವಾಗುವವರೆಗೆ ಪೂರ್ತಿ ಹೊದಿಕೆ ಸಿದ್ಧವಾಗುವುದಿಲ್ಲ. ಐಎಸ್‌ಬಿಎನ್ ಬಾರ್‌ಕೋಡ್, ಬೆಲೆ, ಬೆನ್ನುಡಿ ಎಲ್ಲವೂ ಅದರೊಂದಿಗೆ ಬರುತ್ತವೆ. ಬೆನ್ನುಡಿಯನ್ನು ಹಿರಿಯ ಸಾಹಿತಿಗಳಿಂದ ಬರೆಸುವ ಬದಲು ಕಥೆಯ ಮೂರನೆಯ ಅಧ್ಯಾಯದಿಂದಲೇ ಆರು ಸಾಲು ತೆಗೆದುಕೊಂಡಿದ್ದೇವೆ. ಹೊಗಳಿಕೆ ಪೋಷಕರನ್ನೂ ಶಿಕ್ಷಕರನ್ನೂ ಒಪ್ಪಿಸಬಹುದು, ಆದರೆ ಹದಿನೈದರವರಿಗೆ ಬೇಕಾಗಿರುವುದು ಮುಂದೇನಾಯಿತೆಂಬ ಕುತೂಹಲ. ಕಲಾವಿದೆಯ ಹೆಸರು ಹಿಂಬದಿಯಲ್ಲಿ, ನನ್ನ ಪರಿಚಯದಷ್ಟೇ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಇದನ್ನು ಎಲ್ಲ ಲೇಖಕರೂ ಒಪ್ಪಂದದ ಹಂತದಲ್ಲಿಯೇ ಕೇಳಿ ಪಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಮುದ್ರಣದ ಪ್ರತಿಗಳ ಸಂಖ್ಯೆಯನ್ನು ಪ್ರಕಾಶಕರು ಈ ತಿಂಗಳ ಕೊನೆಯಲ್ಲಿ ನಿರ್ಧರಿಸಲಿದ್ದಾರೆ. ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಗ್ರಂಥಾಲಯಕ್ಕೆ ಪ್ರತಿಗಳು ಬೇಕಾದ ಶಿಕ್ಷಕರು ಅಷ್ಟರೊಳಗೆ ತಿಳಿಸಿದರೆ, ಅವರ ಬೇಡಿಕೆಯನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಲಾಗುವುದು.