ಎಂಟು ಸೆಕೆಂಡು

ಕ್ಯಾಮೆರಾ ಹುಚ್ಚು ಮೊದಲೇ ಇತ್ತು, ಟೆಕ್ಸಾಸ್‌ಗೆ ಬಂದ ಮೇಲೆ ರೋಡಿಯೋ (ಗೂಳಿ, ಕುದುರೆ ಸವಾರಿಯ ಕೌಬಾಯ್ ಪಂದ್ಯ) ಹುಚ್ಚೂ ಹಿಡಿಯಿತು. ಈಗ ಎರಡೂ ಸೇರಿ ಸಣ್ಣ ವ್ಯಾಪಾರವಾಗಿದೆ. ಗೂಳಿ ಸವಾರಿಯಲ್ಲಿ ಸವಾರ ಬೀಳದೆ ಕೂರಬೇಕಾದ್ದು ಬರೀ 8 ಸೆಕೆಂಡು, ಚಿತ್ರಕ್ಕೆ ಸಿಗುವುದೂ ಅಷ್ಟೇ; ಹಗ್ಗ ಹಿಡಿಯುವುದು ಒಂದೇ ಕೈ, ಇನ್ನೊಂದು ಕೈ ಗೂಳಿಗೆ ತಾಗಿದರೆ ಅಂಕವೇ ಇಲ್ಲ. ಆ ಮೇಲೆತ್ತಿದ ಕೈ, ಹಾರುವ ಮಣ್ಣು ಎರಡೂ ಚಿತ್ರದಲ್ಲಿ ನಿಚ್ಚಳವಾಗಿ ಬರಬೇಕೆಂದರೆ ಶಟರ್ ವೇಗ 1/1000 ಸೆಕೆಂಡ್ ಆದರೂ ಬೇಕು. ಸಂಜೆ ಬೆಳಕಲ್ಲಿ ತುಂಬಾ ಕಷ್ಟ. 100 ಅಂಕದಲ್ಲಿ ಅರ್ಧ ಗೂಳಿಯದ್ದೇ ಅಲ್ವಾ, ಅದಕ್ಕೇ ಗೂಳಿಯ ಮುಖವನ್ನೂ ನಾನು ಬಿಡುವುದಿಲ್ಲ.

ಜಾಸ್ತಿ ಪ್ರಿಂಟ್ ಕೊಳ್ಳುವವರು ಬ್ಯಾರಲ್ ರೇಸ್ (ಕುದುರೆ ಮೇಲೆ ಮೂರು ಪೀಪಾಯಿ ಸುತ್ತಿ ಓಡುವ ಪಂದ್ಯ) ಹುಡುಗಿಯರ ಅಮ್ಮಂದಿರು. ನಿನ್ನೆ ಒಬ್ಬರು, ಮಗಳ ಕುದುರೆ ಮೂರನೇ ಪೀಪಾಯಿ ಸುತ್ತುವ ಚಿತ್ರ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಸುಮ್ನೆ ನಿಂತಿದ್ದರು. ಶನಿವಾರ ಮತ್ತೆ ಹೋಗುತ್ತಿದ್ದೇನೆ.